ಸುಗ್ಗಿಯ ಕೆಲಸಕ್ಕೆ ಆಳುಗಳ ಬಿಡುವನ್ನು ಮೊದಲೇ ಕೇಳಿ ಸರತಿ ಗೊತ್ತುಮಾಡುವ ಕ್ರಮ

ಪೈರು ಹದಕ್ಕೆ ಬಂದ ದಿನ ಹೊಲದಲ್ಲಿ ಸಾಕಷ್ಟು ಕೈಗಳಿಲ್ಲದಿದ್ದರೆ ವರ್ಷವೆಲ್ಲ ಪಟ್ಟ ಶ್ರಮದ ಫಲವು ಕಣ್ಣೆದುರಿಗೇ ಮಣ್ಣುಪಾಲಾಗುವುದೆಂಬುದನ್ನು ಒಕ್ಕಲುತನ ಮಾಡುವವರೆಲ್ಲರೂ ಬಲ್ಲರು. ಆದರೂ ಬೀಜ, ಗೊಬ್ಬರ, ಎತ್ತು, ಯಂತ್ರ ಇವೆಲ್ಲವನ್ನೂ ತಿಂಗಳ ಮುಂಚೆಯೇ ಗೊತ್ತುಮಾಡಿಕೊಳ್ಳುವ ಜಮೀನುದಾರನು ಆಳುಗಳ ವಿಷಯದಲ್ಲಿ ಮಾತ್ರ ಹಿಂದಿನ ಸಂಜೆಯವರೆಗೆ ಸುಮ್ಮನಿದ್ದು, ಕತ್ತಲಾದ ಮೇಲೆ ಓಣಿ ಓಣಿ ತಿರುಗಿ ಕರೆಯುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿಯಾಗಿದೆ. ಬಂದವರು ಬಂದರು, ಬಾರದವರು ಸೊಕ್ಕಿನವರೆನಿಸಿಕೊಂಡರು. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ಇಂಥ ಸಮಯದಲ್ಲಿ ಹೇಳುವವರು ಬಹಳ. ಆದರೆ ಹಾಳಾದದ್ದು ಆಳಿನಿಂದಲೋ ಅಥವಾ ಆಳನ್ನು ಕೇಳದೆ ದಿನ ಗೊತ್ತುಮಾಡಿದ ಒಡೆಯನಿಂದಲೋ ಎಂಬುದನ್ನು ವಿಚಾರಿಸಿ ನೋಡುವವರು ವಿರಳ.

ಕೆಲಸಕ್ಕೆ ಬರತಕ್ಕವರು ಯಾವ ದಿನ, ಯಾವ ಹೊತ್ತಿಗೆ ಬರಬಲ್ಲರೆಂಬುದನ್ನು ಅವರಿಂದಲೇ ಮೊದಲು ಕೇಳಿ ಬರೆದುಕೊಂಡು, ಆಮೇಲೆ ಹೊಲಗಳ ಸರತಿಯನ್ನು ಗೊತ್ತುಮಾಡುವ ಕ್ರಮವನ್ನು ಈ ಪಾಠದಲ್ಲಿ ವಿವರಿಸಿದೆ. ಇದಕ್ಕೆ ಹಣದ ವೆಚ್ಚವಿಲ್ಲ. ಒಂದು ಹಾಳೆ, ಒಂದು ಲೇಖನಿ ಮತ್ತು ಎರಡು ಸಂಜೆಗಳ ಬಿಡುವು ಇದ್ದರೆ ಸಾಕು.

1. ಈ ಸೀಮೆಯ ಕೆಲಸದ ಕಾಲಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಇವು ನಾಲ್ಕೂ ಉತ್ತರದ ಒಣ ವಲಯಕ್ಕೆ ಸೇರಿದ ತಾಲ್ಲೂಕುಗಳಾದರೂ ಇವುಗಳ ಭೂಮಿ ಒಂದೇ ವಿಧವಾದುದಲ್ಲ. ಬಾದಾಮಿಯ ಗುಡ್ಡಗಳ ಸುತ್ತಲೂ ಮರಳು ಕೂಡಿದ ಮಸಾರಿ ನೆಲವು ಹೆಚ್ಚು. ಅಲ್ಲಿ ಮುಂಗಾರಿಯ ಸಜ್ಜೆ, ಶೇಂಗಾಗಳು ಪ್ರಧಾನವಾಗಿದ್ದು ಅವುಗಳ ಒಕ್ಕಣೆಯು ಸೆಪ್ಟೆಂಬರದಿಂದ ನವೆಂಬರದೊಳಗೆ ಮುಗಿಯುತ್ತದೆ. ಹುನಗುಂದ, ಇಳಕಲ್ಲುಗಳ ಕಡೆಗೆ ಎರೆಯ ಭೂಮಿಯು ವಿಶೇಷವಾಗಿರುವುದರಿಂದ ಸೆಪ್ಟೆಂಬರ ತಿಂಗಳ ದೊಡ್ಡ ಮಳೆಯ ತೇವವನ್ನು ಹಿಡಿದು ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬಿತ್ತುತ್ತಾರೆ. ಅವುಗಳ ಸುಗ್ಗಿಯು ಜನವರಿಯ ಕೊನೆಯಿಂದ ಮಾರ್ಚಿಯವರೆಗೆ ನಡೆಯುತ್ತದೆ. ಬಾಗಲಕೋಟೆಯ ಕಡೆಗೆ ಘಟಪ್ರಭೆಯ ನೀರು ದೊರೆಯುವಲ್ಲಿ ಕಬ್ಬು ಇದ್ದು, ಅದರ ಕಡಿತವು ಅಕ್ಟೋಬರ, ನವೆಂಬರಗಳಲ್ಲಿ ಪ್ರಾರಂಭವಾಗಿ ಬೇಸಗೆಯವರೆಗೆ ಸಾಗುತ್ತದೆ. ಇವಲ್ಲದೆ ಅಗಸ್ಟಿನ ಹೆಸರು, ಮಳೆಗಾಲದ ಕೊನೆಯ ಉಳ್ಳಾಗಡ್ಡಿ ಇವೆರಡೂ ಈ ಜಿಲ್ಲೆಯಲ್ಲಿ ಆಳುಗಳನ್ನು ಬಹಳವಾಗಿ ಬೇಡುವ ಬೆಳೆಗಳು.

ಇವುಗಳಲ್ಲಿ ಯಾವುದೂ ಒಡೆಯನ ಅನುಕೂಲವನ್ನು ಕಾಯ್ದುಕೊಂಡಿರುವ ಬೆಳೆಯಲ್ಲ. ಮಾಗಿದ ಹೆಸರಿನ ಕಾಯಿಯ ಮೇಲೆ ಎರಡು ದಿನ ಜಡಿಮಳೆ ಬಿದ್ದರೆ ಕಾಳು ಕಾಯಿಯೊಳಗೇ ಮೊಳೆಯುತ್ತದೆ. ನೆಲದ ಹದ ಆರಿದ ಮೇಲೆ ಕಿತ್ತ ಶೇಂಗಾದ ಕಾಯಿಗಳು ತೊಟ್ಟು ಹರಿದು ಮಣ್ಣಿನಲ್ಲಿಯೇ ಉಳಿಯುತ್ತವೆ. ಒಣಗಿದ ಕಡಲೆಯ ಕಾಯಿಯು ಬಿಸಿಲು ಏರಿದೊಡನೆ ಉದುರುವುದರಿಂದ ಗಿಡಗಳನ್ನು ನಸುಕಿನಲ್ಲಿ, ಇಬ್ಬನಿಯ ತೇವವು ಆರುವುದರೊಳಗಾಗಿ ಕೀಳುವ ರೂಢಿಯುಂಟು. ಆದುದರಿಂದ ದಿನವನ್ನಷ್ಟೇ ಅಲ್ಲದೆ ಹೊತ್ತನ್ನೂ ನಿಶ್ಚಯಿಸಬೇಕಾಗುತ್ತದೆ. ಆಳು ಬಂದರೆ ಸಾಲದು, ಸಕಾಲಕ್ಕೆ ಬರಬೇಕು.

2. ಆಳುಗಳಿಗೂ ತಮ್ಮದೇ ಆದ ಕಾಲಪತ್ರಿಕೆಯುಂಟು

ದಿನಗೂಲಿಯವರು ಸದಾ ಖಾಲಿ ಇರುತ್ತಾರೆಂದು ತಿಳಿಯುವುದು ದೊಡ್ಡ ತಪ್ಪು. ಅವರ ದಿನಗಳನ್ನು ಬೇಡುವ ಬೇರೆ ಕೆಲಸಗಳು ಯಾವುವೆಂಬುದನ್ನು ಗ್ರಾಮ ಪ್ರಮುಖರು ತಮ್ಮ ಊರಿನ ಮಟ್ಟಿಗೆ ಒಮ್ಮೆ ಎಣಿಸಿ ನೋಡತಕ್ಕದ್ದು.

ಮೊದಲನೆಯದು ಮಗ್ಗ. ಇಳಕಲ್ಲು, ಗುಳೇದಗುಡ್ಡ, ಕಮತಗಿ, ಸೂಳೇಬಾವಿ ಮೊದಲಾದ ಊರುಗಳ ಸುತ್ತಲಿನ ಎಷ್ಟೋ ಕುಟುಂಬಗಳು ನೇಯ್ಗೆಯನ್ನೂ ಹೊಲದ ಕೂಲಿಯನ್ನೂ ಕೂಡಿಸಿ ಜೀವನ ಮಾಡುತ್ತವೆ. ಹೆಂಗಸರು ಕಂಡಿಕೆ ಸುತ್ತಿಕೊಟ್ಟರೆ ಮಾತ್ರ ಮಗ್ಗವು ನಡೆಯುತ್ತದೆ. ಇಳಕಲ್ಲಿನ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸುವ ತೋಪ ತೆನಿಯ ಕೆಲಸವಿರುವ ದಿನ ಮನೆಯವರೆಲ್ಲರ ಕೈಗಳೂ ಅಲ್ಲಿಯೇ ಬೇಕಾಗುತ್ತವೆ. ಆ ದಿನ ಹೊಲಕ್ಕೆ ಕರೆದರೆ ಬರಲಾರರು. ಮರುದಿನ ಕರೆದರೆ ಸಂತೋಷದಿಂದ ಬರುವರು. ಇಳಕಲ್ಲಿನ ಸುತ್ತಲಿನ ಕೆಂಪು ಕಲ್ಲಿನ ಗಣಿಗಳೂ ಗಂಡಾಳುಗಳನ್ನು ಸೆಳೆಯುತ್ತವೆ.

ಎರಡನೆಯದು ಗುಳೆ. ಹಿಂಗಾರಿಯ ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಭಾಗದ ಕುಟುಂಬಗಳು ಗೋವೆ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಹೋಗುವುದುಂಟು. ಊರಿನಲ್ಲಿ ಎಂಟು ದಿನಗಳ ಕೂಲಿಯು ನಿಶ್ಚಯವಾಗಿದೆಯೆಂದು ಮುಂಚಿತವಾಗಿ ತಿಳಿದರೆ ಹೊರಡುವವರಲ್ಲಿ ಕೆಲವರಾದರೂ ಸುಗ್ಗಿ ಮುಗಿಯುವವರೆಗೆ ನಿಲ್ಲುವರು. ತಿಳಿಯದೆ ಹೋದರೆ ಬಸ್ಸು ಹತ್ತುವರು.

ಮೂರನೆಯದು ಹಬ್ಬ ಮತ್ತು ಜಾತ್ರೆ. ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಈ ನಾಡಿನ ಬಹುಕಾಲದ ಪದ್ಧತಿ. ಹೆಸರು ಬಿಡಿಸುವ ಕೆಲಸವು ಅನೇಕ ವೇಳೆ ಅದರ ಬೆನ್ನಿಗೇ ಬರುತ್ತದೆ. ಬನದ ಹುಣ್ಣಿಮೆಗೆ ಪ್ರಾರಂಭವಾಗುವ ಬಾದಾಮಿಯ ಬನಶಂಕರಿ ಜಾತ್ರೆಯು ಹಲವು ವಾರಗಳವರೆಗೆ ನಡೆಯುವುದರಿಂದ ಕಡಲೆಯ ಸುಗ್ಗಿಯ ಮೊದಲ ದಿನಗಳೊಡನೆ ಕೂಡಿಕೊಳ್ಳುವ ಸಂಭವವುಂಟು. ವಾರದ ಸಂತೆಯೂ ಒಂದು ದಿನವೇ ಸರಿ.

ನಾಲ್ಕನೆಯದು ಮುಯ್ಯಿ. ಇಂದು ಒಬ್ಬರ ಹೊಲದಲ್ಲಿ ದುಡಿದು, ನಾಳೆ ಅವರಿಂದ ಅಷ್ಟೇ ದಿನಗಳ ದುಡಿಮೆಯನ್ನು ತಮ್ಮ ಹೊಲಕ್ಕೆ ಪಡೆಯುವ ಮುಯ್ಯಾಳು ಪದ್ಧತಿಯು ಸಣ್ಣ ಹಿಡುವಳಿದಾರರ ನಡುವೆ ಬಹುಕಾಲದಿಂದ ಬಂದಿದೆ. ಮುಯ್ಯಿಯ ದಿನವು ಸಾಲದ ಹಣಕ್ಕಿಂತ ಬಿಗಿಯಾದುದು; ಅದನ್ನು ತಪ್ಪಿಸಿ ಕೂಲಿಗೆ ಬಂದವಳಿಗೆ ಮುಂದೆ ತನ್ನ ಹೊಲದ ಕೆಲಸಕ್ಕೆ ಯಾರೂ ದೊರೆಯಲಾರರು.

ಈ ಮುಯ್ಯಾಳು ಪದ್ಧತಿಯಿಂದ ಜಮೀನುದಾರರು ಕಲಿಯತಕ್ಕ ಪಾಠವೊಂದಿದೆ. ಮುಯ್ಯಿಯಲ್ಲಿ ಯಾರೂ ಯಾರನ್ನೂ ಸುಮ್ಮನೆ ಕರೆಯುವುದಿಲ್ಲ. ನಿನಗೆ ಯಾವ ದಿನ ಅನುಕೂಲವೆಂದು ಮೊದಲು ಕೇಳಿ, ಇಬ್ಬರಿಗೂ ಒಪ್ಪುವ ದಿನವನ್ನು ಹಿಡಿಯುತ್ತಾರೆ. ಅಲ್ಲಿ ಕೊಟ್ಟ ದಿನ, ಪಡೆದ ದಿನಗಳ ಲೆಕ್ಕವು ಎಲ್ಲರ ನೆನಪಿನಲ್ಲಿರುತ್ತದೆ. ಕೆಳಗೆ ಹೇಳಿರುವ ಕ್ರಮವು ಈ ಹಳೆಯ ನಡತೆಯನ್ನೇ ಕೂಲಿಯ ಕೆಲಸಕ್ಕೂ ವಿಸ್ತರಿಸಿ ಕಾಗದದ ಮೇಲೆ ಬರೆದಿಟ್ಟದ್ದು.

3. ಬಿಡುವನ್ನು ಕೇಳುವ ವಿಧಾನ

ಕಡಲೆಯ ಎಲೆಗಳು ಹಳದಿಯಾಗಿ ಉದುರತೊಡಗಿದಾಗ ಅಥವಾ ಉಳ್ಳಾಗಡ್ಡಿಯ ತಾಳು ಬಾಗತೊಡಗಿದಾಗ ಕೇಳುವ ಕೆಲಸವನ್ನು ಪ್ರಾರಂಭಿಸಬೇಕು. ಬಹಳ ಮುಂಚೆ ಕೇಳಿದರೆ ಉತ್ತರಗಳು ನಿಲ್ಲುವುದಿಲ್ಲ. ತಡವಾಗಿ ಕೇಳಿದರೆ ಅವು ಉಪಯೋಗಕ್ಕೆ ಬರುವುದಿಲ್ಲ. ಒಂದು ವಾರದ ಅವಧಿಯು ಯೋಗ್ಯವಾದುದು.

ಪ್ರತಿಯೊಬ್ಬ ಆಳಿಗೂ ಐದು ಪ್ರಶ್ನೆಗಳು ಸಾಕು: ಮುಂದಿನ ಎಂಟು ದಿನಗಳಲ್ಲಿ ಯಾವ ಯಾವ ದಿನ ಬರಬಹುದು, ನಸುಕಿಗೆ ಬರಬಹುದೋ ಅಥವಾ ಹೊತ್ತೇರಿದ ಮೇಲೆಯೋ, ಯಾವ ಕೆಲಸವನ್ನು ಮಾಡಬಲ್ಲರು, ಊರಿನಿಂದ ಎಷ್ಟು ದೂರದ ಹೊಲಕ್ಕೆ ಹೋಗಬಲ್ಲರು, ತಮ್ಮದೇ ಹೊಲವಿದ್ದರೆ ಅದು ಯಾವಾಗ ಹದಕ್ಕೆ ಬರುತ್ತದೆ. ಈ ಉತ್ತರಗಳನ್ನು ಉದ್ದಕ್ಕೆ ಹೆಸರು, ಅಡ್ಡಕ್ಕೆ ದಿನಗಳಿರುವ ಒಂದು ಹಾಳೆಯಲ್ಲಿ ಗುರುತು ಹಾಕಬೇಕು. ಪೂರ್ಣ ದಿನಕ್ಕೆ ಒಂದು ಗೆರೆ, ಅರ್ಧ ದಿನಕ್ಕೆ ಅರ್ಧ ಗೆರೆ.

ಕೇಳುವಾಗ ನಾಲ್ಕು ಎಚ್ಚರಿಕೆಗಳನ್ನು ವಹಿಸತಕ್ಕದ್ದು.

(ಅ) ಬಾರದಿರುವುದಕ್ಕೆ ಕಾರಣವನ್ನು ಕೇಳಬಾರದು, ಬರೆಯಲೂಬಾರದು. ಕಾಯಿಲೆ, ಮುಟ್ಟು, ಮನೆಯ ಜಗಳ, ಸಾಲದ ತಗಾದೆ ಇವುಗಳನ್ನು ಹೇಳಿಕೊಳ್ಳಬೇಕಾಗಿ ಬಂದರೆ ಜನರು ನಿಜವಾದ ದಿನಗಳನ್ನು ಮರೆಮಾಡುವರು. ಹೊಲಕ್ಕೆ ಬೇಕಾದದ್ದು ದಿನವೇ ಹೊರತು ಕಾರಣವಲ್ಲ.

(ಆ) ಹೆಂಗಸಿನ ಉತ್ತರವನ್ನು ಹೆಂಗಸಿನಿಂದಲೇ ಪಡೆಯಬೇಕು. ಮೊಬೈಲಿಗೆ ಸಂದೇಶ ಕಳಿಸುವುದು ಈಗ ಸುಲಭವಾಗಿದೆ. ಆದರೆ ಎಷ್ಟೋ ಮನೆಗಳಲ್ಲಿ ಮೊಬೈಲು ಗಂಡಸಿನ ಕಿಸೆಯಲ್ಲಿರುತ್ತದೆ. ಅವನು ‘ಬರುತ್ತಾಳೆ’ ಎಂದು ಹೇಳಿದ ದಿನವನ್ನು ಅವಳು ಒಪ್ಪಿದ ದಿನವೆಂದು ಬರೆಯತಕ್ಕದ್ದಲ್ಲ. ಸ್ವಸಹಾಯ ಸಂಘದ ಒಬ್ಬ ಸದಸ್ಯಳು ಮನೆಮನೆಗೆ ಹೋಗಿ ಕೇಳುವುದು ಉತ್ತಮ.

(ಇ) ಜಮೀನುದಾರನ ಕಟ್ಟೆಯ ಮುಂದೆ ಎಲ್ಲರನ್ನೂ ನಿಲ್ಲಿಸಿ ಕೇಳಬಾರದು. ಅಲ್ಲಿ ದೊರೆಯುವುದು ದಾಕ್ಷಿಣ್ಯದ ಉತ್ತರವೇ ಹೊರತು ನಿಜವಾದುದಲ್ಲ.

(ಈ) ಮುಂಗಡ ಹಣ ಪಡೆದವರ ದಿನಗಳನ್ನು ಕೇಳದೆಯೇ ತುಂಬಿಕೊಳ್ಳಬಾರದು. ಋಣದ ಹೆಸರಿನಲ್ಲಿ ಮನುಷ್ಯನ ದುಡಿಮೆಯನ್ನು ಕಟ್ಟಿಹಾಕುವುದನ್ನು 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯಿದೆಯು ನಿಷೇಧಿಸಿದೆ. ‘ಬಾರೆ’ ಎನ್ನುವ ಸ್ವಾತಂತ್ರ್ಯವಿರುವವನ ‘ಬರುತ್ತೇನೆ’ ಎಂಬ ಮಾತಿಗೆ ಮಾತ್ರ ಬೆಲೆಯುಂಟು.

4. ಲೆಕ್ಕದ ಒಂದು ಮಾದರಿ

ಕೇಳುವುದರಿಂದಾಗುವ ಪ್ರಯೋಜನವನ್ನು ಒಂದು ಕಲ್ಪಿತ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಒಂದು ಊರಿನಲ್ಲಿ ನಾಲ್ವರದು ಒಟ್ಟು 14 ಎಕರೆ ಕಡಲೆಯಿದೆಯೆಂದು ಭಾವಿಸತಕ್ಕದ್ದು: ಒಬ್ಬರದು 6, ಇನ್ನೊಬ್ಬರದು 4, ಮತ್ತಿಬ್ಬರದು ಎರಡೆರಡು ಎಕರೆ. ಆ ಇಬ್ಬರಲ್ಲಿ ಒಬ್ಬಳು ಗಂಡುದಿಕ್ಕಿಲ್ಲದ ವಿಧವೆ. ಎಕರೆಗೆ 5 ಆಳುಗಳಂತೆ 70 ಆಳು-ದಿನಗಳು ಬೇಕು. ಕೆಲಸಕ್ಕೆ ಬರತಕ್ಕವರು 12 ಮಂದಿ ಹೆಂಗಸರು. ಇರುವ ಅವಧಿ 8 ದಿನ. ಕೇಳದೆ ಲೆಕ್ಕ ಹಾಕುವವನು ಹನ್ನೆರಡನ್ನು ಎಂಟರಿಂದ ಗುಣಿಸಿ 96 ಆಳು-ದಿನಗಳಿವೆ, ಇನ್ನೂ 26 ಮಿಗುತ್ತವೆ ಎಂದು ನಿಶ್ಚಿಂತನಾಗಿರುವನು.

ಕೇಳಿದಾಗ ಬಂದ ಉತ್ತರಗಳು ಹೀಗಿವೆಯೆಂದು ತಿಳಿಯಬೇಕು. ನಾಲ್ವರು ಮೊದಲ ಎರಡು ದಿನ ಮುಯ್ಯಿಗೆ ಹೋಗತಕ್ಕವರು: ಕಳೆದದ್ದು 8. ಇಬ್ಬರು 3, 4, 5ನೆಯ ದಿನ ಜಾತ್ರೆಗೆ ಹೋಗುವರು: ಕಳೆದದ್ದು 6. ಮಗ್ಗದ ಮನೆಯ ಮೂವರು 2, 4, 6, 8ನೆಯ ದಿನಗಳಲ್ಲಿ ಮಾತ್ರ ಬರಬಲ್ಲರು: ಕಳೆದದ್ದು 12. ಎಳೆಗೂಸಿನ ತಾಯಿಯೊಬ್ಬಳು ಪ್ರತಿದಿನವೂ ಹೊತ್ತೇರಿದ ಮೇಲೆ ಅರ್ಧ ದಿನ ಬರುವಳು: ಕಳೆದದ್ದು 4. ಉಳಿದಿಬ್ಬರು ಎಂಟು ದಿನಗಳೂ ಬರುವರು. ಒಟ್ಟು 30 ಕಳೆದು ಉಳಿದದ್ದು 66. ಬೇಕಾದದ್ದು 70. ಅಂದರೆ 26 ಮಿಗುವುದೆಂದು ತಿಳಿದಲ್ಲಿ ವಾಸ್ತವವಾಗಿ 4 ಕೊರತೆಯಿದೆ.

ಈ ಕೊರತೆಯನ್ನು ಯಾರು ಅನುಭವಿಸುವರೆಂಬುದೇ ಮುಖ್ಯವಾದ ಪ್ರಶ್ನೆ. ಕೇಳದ ಊರಿನಲ್ಲಿ ಮೊದಲು ದೊಡ್ಡ ಹೊಲ, ಆಮೇಲೆ ಅದಕ್ಕಿಂತ ಸಣ್ಣದು ಎಂದು ಕೆಲಸವು ಸಾಗಿ, ಎಂಟನೆಯ ದಿನದ ಸಂಜೆಗೆ ಉಳಿಯುವುದು ಆ ವಿಧವೆಯ ಹೊಲದ ತುಣುಕು. ಉದುರುವ ಕಾಳು ಅವಳದು. ಕೇಳಿದ ಊರಿನಲ್ಲಿ ಕೊರತೆಯು ಒಂದು ವಾರ ಮುಂಚೆಯೇ ಗೊತ್ತಾಗಿರುವುದರಿಂದ ನೆರೆಯ ಊರಿನಿಂದ ನಾಲ್ವರನ್ನು ಒಂದು ದಿನಕ್ಕೆ ಕರೆಸಬಹುದು, ಅಥವಾ ದೊಡ್ಡ ಹೊಲದ ಮನೆಯವರೇ ನಾಲ್ಕು ದಿನಗಳ ಕೆಲಸವನ್ನು ಮಾಡಬಹುದು.

ಇದೇ ಹಾಳೆಯನ್ನು ದಿನವಾರು ಕೂಡಿಸಿದರೆ ಇನ್ನೊಂದು ಸಂಗತಿಯು ತಿಳಿದುಬರುತ್ತದೆ. ಒಂದನೆಯ ದಿನದಿಂದ ಎಂಟನೆಯ ದಿನದವರೆಗೆ ದೊರೆಯುವ ಆಳುಗಳು ಅನುಕ್ರಮವಾಗಿ 4½, 7½, 6½, 9½, 6½, 11½, 8½, 11½. ಮೊದಲ ಎರಡು ದಿನಗಳಲ್ಲಿ ಸೇರಿ 12 ಮಾತ್ರ. ಇದರಿಂದ 6 ಎಕರೆಯ ಹೊಲದ ಅರ್ಧವೂ ಮುಗಿಯದು. ಆದರೆ 10 ಆಳು ಬೇಡುವ 2 ಎಕರೆಯ ಹೊಲವೊಂದು ಪೂರ್ಣವಾಗಿ ಮುಗಿಯುತ್ತದೆ. ಆಳು ಕಡಿಮೆಯಿರುವ ದಿನಗಳು ಸಣ್ಣ ಹೊಲಕ್ಕೂ, ಹೆಚ್ಚಾಗಿರುವ ದಿನಗಳು ದೊಡ್ಡ ಹೊಲಕ್ಕೂ ಸಹಜವಾಗಿ ಒಪ್ಪುತ್ತವೆ. ಸಣ್ಣವರ ಹೊಲವು ಹದಕ್ಕೆ ಬಂದಿದ್ದರೆ ಅದನ್ನು ಮೊದಲು ಮುಗಿಸುವುದರಿಂದ ದೊಡ್ಡವರಿಗೆ ನಷ್ಟವೇನೂ ಇಲ್ಲ. ಬದಲಿಗೆ ಅರೆಬರೆ ಗುಂಪಿನಿಂದ ಕೆಲಸ ಎಳೆದಾಡುವುದು ತಪ್ಪುತ್ತದೆ.

5. ಸರತಿ ಹಂಚುವ ನಿಯಮಗಳು

ಹೊಲಗಳ ಸರತಿಯನ್ನು ಹದದಿಂದ ನಿರ್ಣಯಿಸಬೇಕು. ಎಕರೆಯಿಂದಾಗಲಿ ಮನೆತನದಿಂದಾಗಲಿ ಅಲ್ಲ. ಎರಡು ಹೊಲಗಳು ಸಮನಾಗಿ ಹದಕ್ಕೆ ಬಂದಿದ್ದರೆ ದಿನವಾರು ಲೆಕ್ಕಕ್ಕೆ ಒಪ್ಪುವ ಹೊಲವು ಮೊದಲು. ಅದರಿಂದಲೂ ತೀರದಿದ್ದರೆ ಚೀಟಿ ಎತ್ತುವುದು. ಈ ಸಲ ಕೊನೆಯ ಸರತಿ ಬಂದವರಿಗೆ ಮುಂದಿನ ಬೆಳೆಯ ಚೀಟಿಯಲ್ಲಿ ಮೊದಲ ಸ್ಥಾನವನ್ನು ಕೊಡುವುದು ನ್ಯಾಯವಾದುದು.

ಆಳುಗಳಿಗೆ ದಿನ ಹಂಚುವಾಗ, ಕಡಿಮೆ ದಿನಗಳನ್ನು ಹೇಳಿದವರ ದಿನಗಳನ್ನು ಮೊದಲು ತುಂಬಬೇಕು. ಎಂಟು ದಿನಗಳೂ ಬರಬಲ್ಲವಳಿಗೆ ಯಾವ ದಿನವನ್ನಾದರೂ ಕೊಡಬಹುದು. ನಾಲ್ಕೇ ದಿನ ಬರಬಲ್ಲವಳಿಗೆ ಆ ನಾಲ್ಕನ್ನು ಬಿಟ್ಟರೆ ಬೇರೆ ಗತಿಯಿಲ್ಲ. ಕಡಿಮೆ ದಿನ ಹೇಳಿದಳೆಂಬ ಕಾರಣದಿಂದ ಯಾರನ್ನೂ ಹಾಳೆಯಿಂದ ತೆಗೆದುಹಾಕಬಾರದು. ಹಾಗೆ ಒಮ್ಮೆ ಮಾಡಿದರೆ ಮುಂದಿನ ವರ್ಷ ಎಲ್ಲರೂ ‘ಎಲ್ಲ ದಿನವೂ ಬರುತ್ತೇವೆ’ ಎಂದು ಹೇಳುವರು. ಹಾಳೆಯು ಗೆರೆಗಳಿಂದ ತುಂಬುವುದು, ಹೊಲವು ಮಾತ್ರ ಬರಿದಾಗಿರುವುದು.

ಹೊತ್ತೇರಿ ಬರುವವರಿಗೆ ಹೊತ್ತಿಗೆ ತಕ್ಕ ಕೆಲಸವನ್ನು ಹುಡುಕಬೇಕು. ಕಡಲೆಯನ್ನು ಕೀಳುವುದು ನಸುಕಿನ ಕೆಲಸವಾದರೂ ಕಿತ್ತ ಗಿಡಗಳನ್ನು ಗುಪ್ಪೆ ಹಾಕುವುದು, ಕಣವನ್ನು ಸಿದ್ಧಪಡಿಸುವುದು ಆಮೇಲೂ ಆಗತಕ್ಕವು. ಬೇಕಾದ ಆಳುಗಳಿಗಿಂತ ಹೆಚ್ಚು ಮಂದಿ ಒಪ್ಪಿರುವ ದಿನಗಳಲ್ಲಿ, ಅದುವರೆಗೆ ಕಡಿಮೆ ಕೂಲಿ ದೊರೆತವರಿಗೆ ಮೊದಲು ಕೆಲಸ ಕೊಡಬೇಕು; ಅದಕ್ಕಾಗಿ ಹಾಳೆಯ ಕೊನೆಯಲ್ಲಿ ಪ್ರತಿಯೊಬ್ಬರೂ ದುಡಿದ ದಿನಗಳ ಮೊತ್ತವನ್ನು ಬರೆಯುತ್ತಿರತಕ್ಕದ್ದು.

ಸರತಿಯನ್ನು ಗೊತ್ತುಮಾಡಿದ ಮೇಲೆ ಎಲ್ಲರಿಗೂ ಓದಿ ಹೇಳಿ, ಅದರ ಪ್ರತಿಯನ್ನು ಎಲ್ಲರಿಗೂ ಕಾಣುವಲ್ಲಿ ಅಂಟಿಸಬೇಕು. ಮಳೆ ಮೋಡಗಳ ನಿಮಿತ್ತವಾಗಿ ಒಂದು ದಿನವನ್ನು ಯಾರಿಗೂ ಹಂಚದೆ ಕಾದಿರಿಸುವುದು ವಿವೇಕ. ಇಬ್ಬರು ಆಳುಗಳು ತಮ್ಮತಮ್ಮೊಳಗೆ ದಿನ ಬದಲಾಯಿಸಿಕೊಂಡು ಹಿಂದಿನ ಸಂಜೆಯೊಳಗೆ ತಿಳಿಸಿದರೆ ಅದಕ್ಕೆ ಅಡ್ಡಿ ಮಾಡಬಾರದು.

ಒಡೆಯನ ಮೇಲೂ ಒಂದು ಹೊಣೆಯಿದೆ. ಒಬ್ಬ ಆಳು ಅವನಿಗಾಗಿ ದಿನವನ್ನು ಹಿಡಿದಿಟ್ಟು ಬೇರೆ ಕೂಲಿಯನ್ನು ಬಿಟ್ಟಿರುವಾಗ, ಆ ಮುಂಜಾನೆ ‘ಇಂದು ಬೇಡ’ ಎಂದು ಹೇಳಿ ಕಳಿಸುವುದು ಅನ್ಯಾಯ. ಅಂಥ ಪ್ರಸಂಗದಲ್ಲಿ ಕೂಲಿಯ ಒಂದು ಭಾಗವನ್ನಾದರೂ ಕೊಡುವ ಕರಾರನ್ನು ಮೊದಲೇ ಮಾಡಿಕೊಳ್ಳಬೇಕು. ಮಾತು ಒಂದೇ ಕಡೆಯವರನ್ನು ಕಟ್ಟುವುದಾದರೆ ಅದು ಬಹುದಿನ ಬಾಳದು.

6. ಸರಕಾರಿ ಕಾಮಗಾರಿಗಳ ವಿಷಯ

ಆಳುಗಳ ಬಿಡುವನ್ನು ಅವರಿಂದಲೇ ತಿಳಿದು ಕೆಲಸ ಕೊಡುವುದು ದೇಶಕ್ಕೆ ಹೊಸದೇನೂ ಅಲ್ಲ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯು ಈ ತತ್ತ್ವದ ಮೇಲೆಯೇ ನಿಂತಿತ್ತು. 2008ರ ಏಪ್ರಿಲ್ 1ರಿಂದ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ವಿಸ್ತರಿಸಿದ ಆ ಕಾಯಿದೆಯ ಪ್ರಕಾರ ಕೂಲಿಕಾರರೇ ಕೆಲಸ ಬೇಕಾದ ಅವಧಿಯನ್ನು ಬರೆದು ಪಂಚಾಯತಿಗೆ ಅರ್ಜಿ ಕೊಡುತ್ತಿದ್ದರು. ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಆ ಅರ್ಜಿಯು ನಮೂನೆ 6 ಎಂದು ಪರಿಚಿತವಾಗಿತ್ತು. ಅರ್ಜಿಗೆ ದಿನಾಂಕವಿರುವ ಸ್ವೀಕೃತಿಯನ್ನು ಕೊಡಬೇಕಾಗಿತ್ತು; 15 ದಿನಗಳೊಳಗೆ ಕೆಲಸ ದೊರೆಯದಿದ್ದರೆ ನಿರುದ್ಯೋಗ ಭತ್ಯೆಗೆ ಅವರು ಅರ್ಹರಾಗುತ್ತಿದ್ದರು. ಕೇಳುವುದು, ಬರೆದುಕೊಳ್ಳುವುದು, ಗುರುತಿಗೆ ಚೀಟಿ ಕೊಡುವುದು, ತಪ್ಪಿದರೆ ಪರಿಹಾರ ಕೊಡುವುದು ಎಂಬ ಈ ನಾಲ್ಕು ಅಂಗಗಳನ್ನು ಖಾಸಗಿ ಹೊಲದ ಕೆಲಸದಲ್ಲಿಯೂ ಅನುಸರಿಸಬಹುದು.

2025ರ ಡಿಸೆಂಬರದಲ್ಲಿ ಸಂಸತ್ತು ಆ ಕಾಯಿದೆಯ ಸ್ಥಾನದಲ್ಲಿ ಹೊಸ ಕಾಯಿದೆಯೊಂದನ್ನು ಅಂಗೀಕರಿಸಿತು. ಬಿತ್ತನೆ ಮತ್ತು ಕೊಯ್ಲುಗಳ ನಿಬಿಡ ಕಾಲವನ್ನು ಗುರುತಿಸಿ, ವರ್ಷದಲ್ಲಿ ಒಟ್ಟು 60 ದಿನಗಳವರೆಗೆ ಸಾರ್ವಜನಿಕ ಕಾಮಗಾರಿಗಳನ್ನು ನಿಲ್ಲಿಸುವ ವಿಧಿಯನ್ನು ಅದರಲ್ಲಿ ಸೇರಿಸಲಾಗಿದೆ. ಈ ವಿಧಿಯು ಗ್ರಾಮ ಪ್ರಮುಖರ ಲಕ್ಷ್ಯಕ್ಕೆ ಬರತಕ್ಕದ್ದು. ಮಸಾರಿಯ ಬಾದಾಮಿಯಲ್ಲಿ ಶೇಂಗಾದ ನಿಬಿಡ ಕಾಲವು ಎರೆಯ ಹುನಗುಂದದಲ್ಲಿ ಇನ್ನೂ ಬಿತ್ತನೆಯ ಕಾಲವಾಗಿರುತ್ತದೆ. ಹುನಗುಂದದ ಕಡಲೆ, ಜೋಳಗಳ ಸುಗ್ಗಿಯಲ್ಲಿ ಬಾದಾಮಿಯ ಅನೇಕ ಹೊಲಗಳು ಖಾಲಿಯಾಗಿರುತ್ತವೆ. ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿಯೇ ಕಾಮಗಾರಿಯೂ ನಿಂತರೆ ಬಡವರ ಒಲೆಗೆ ಎರಡೂ ಕಡೆಯ ಬೆಂಕಿ ಆರಿಹೋಗುತ್ತದೆ. ತಮ್ಮ ಊರಿನ ಎರಡು ಮೂರು ಸುಗ್ಗಿಗಳ ಹಾಳೆಗಳನ್ನು ಜೋಪಾನ ಮಾಡಿಟ್ಟ ಪ್ರಮುಖರು ಮಾತ್ರ, ಯಾವ ದಿನಗಳಲ್ಲಿ ನಿಜವಾಗಿ ಕೈಗಳ ಕೊರತೆಯಿತ್ತೆಂಬುದನ್ನು ಅಧಿಕಾರಿಗಳ ಮುಂದೆ ಆಧಾರಸಹಿತವಾಗಿ ಹೇಳಬಲ್ಲರು.

ಇದೇ ಹಾಳೆಗಳಿಂದ ನಾಲ್ಕು ತಾಲ್ಲೂಕುಗಳ ನಡುವೆ ಆಳುಗಳ ಪರಸ್ಪರ ಸಹಾಯವೂ ಸಾಧ್ಯವಾಗುತ್ತದೆ. ಒಂದು ಕಡೆಯ ಸುಗ್ಗಿಯು ಇನ್ನೊಂದು ಕಡೆಯ ಬಿಡುವಾಗಿರುವ ಈ ಸೀಮೆಯಲ್ಲಿ, ಬಿಡುವಿನ ಸುದ್ದಿಯು ಸಕಾಲಕ್ಕೆ ತಲುಪಿದರೆ ಹುನಗುಂದದ ಕಡಲೆಗೆ ಬಾದಾಮಿಯ ಕೈಗಳು, ಬಾದಾಮಿಯ ಶೇಂಗಾಕ್ಕೆ ಇಳಕಲ್ಲಿನ ಕೈಗಳು ದೊರೆಯುವುದು ಕಷ್ಟವೇನಲ್ಲ.

7. ಸಾರಾಂಶ

ಮೇಲೆ ಹೇಳಿದುದನ್ನು ಸಂಗ್ರಹಿಸಿದರೆ ಹೀಗಾಗುತ್ತದೆ: ಹದಕ್ಕೆ ಒಂದು ವಾರ ಮುಂಚೆ ಕೇಳುವುದು, ದಿನವನ್ನು ಬರೆಯುವುದು, ಕಾರಣವನ್ನು ಬಿಡುವುದು, ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳುವುದು, ದಿನವಾರು ಕೂಡಿಸಿ ಕೊರತೆಯನ್ನು ಕಂಡುಹಿಡಿಯುವುದು, ಹದದಿಂದ ಹೊಲದ ಸರತಿಯನ್ನೂ, ಬಿಡುವಿನ ವಿರಳತೆಯಿಂದ ಆಳಿನ ಸರತಿಯನ್ನೂ ಹಂಚುವುದು, ಓದಿ ಹೇಳುವುದು, ಮಾತು ತಪ್ಪಿದರೆ ಒಡೆಯನೂ ತೆರುವುದು.

ಬರುವ ಸುಗ್ಗಿಯಲ್ಲಿ ಪ್ರತಿಯೊಂದು ಊರಿನ ಪ್ರಮುಖರು ಒಂದು ಓಣಿಯ ಮಟ್ಟಿಗಾದರೂ, ಒಂದು ಬೆಳೆಯ ಮಟ್ಟಿಗಾದರೂ ಈ ಕ್ರಮವನ್ನು ಪರೀಕ್ಷಿಸಿ ನೋಡಬೇಕು. ಮೊದಲ ವರ್ಷದ ಹಾಳೆಯಲ್ಲಿ ತಪ್ಪುಗಳಿರುವುದು ಸಹಜ. ಕೇಳಿದ್ದಕ್ಕೆ ತಕ್ಕಂತೆ ನಡೆಯುತ್ತಾರೆಂಬ ನಂಬಿಕೆ ಜನರಲ್ಲಿ ಹುಟ್ಟಿದ ಮೇಲೆ ಉತ್ತರಗಳು ತಾವಾಗಿಯೇ ನಿಜವಾಗುತ್ತ ಬರುವುವು. ಅಂಥ ಊರಿನಲ್ಲಿ ಸುಗ್ಗಿಯ ಹಿಂದಿನ ಸಂಜೆ ಜಮೀನುದಾರನು ಓಣಿ ತಿರುಗುವ ಕಾರಣವಿರುವುದಿಲ್ಲ; ನಸುಕಿಗೆ ಯಾರು ಯಾರು ಹೊಲದಲ್ಲಿರುವರೆಂಬುದು ಅವನಿಗೂ ಅವರಿಗೂ ಮೊದಲೇ ಗೊತ್ತಿರುವುದು.